ಏಳನೆಯ ದಿನವೋ, ವಾರದ ಮೊದಲ ದಿನವೋ: ಹಾಸನ ಸೀಮೆಯ ನೆಲೆಯಿಂದ ಸಬ್ಬತ್ ವಾದದ ಮರುಚಿಂತನೆ

ಕನ್ನಡದಲ್ಲಿ ಕ್ರೈಸ್ತ ಸಾಹಿತ್ಯದ ಅಧ್ಯಯನವೆಂದರೆ ಬಹುಮಟ್ಟಿಗೆ ಮಿಶನರಿಗಳ ಭಾಷಾಸೇವೆಯ ಅಧ್ಯಯನವೇ ಆಗಿದೆ. ಮೋಗ್ಲಿಂಗ್ ಅವರ ‘ಮಂಗಳೂರ ಸಮಾಚಾರ’ (1843), ಕಿಟೆಲ್ ಅವರ ನಿಘಂಟು (1894), ಮೈಸೂರಿನ ವೆಸ್ಲಿಯನ್ ಮಿಶನ್ನಿನ ‘ವೃತ್ತಾಂತ ಪತ್ರಿಕೆ’ ಇವುಗಳ ಕುರಿತು ಸಾಕಷ್ಟು ಬರೆಹಗಳು ಬಂದಿವೆ. ಅಚ್ಚುಮೊಳೆ, ಗದ್ಯಶೈಲಿ, ಗ್ರಂಥಸಂಪಾದನೆ, ವ್ಯಾಕರಣ ಇವು ಚರ್ಚೆಯ ವಸ್ತುಗಳಾಗಿವೆ. ಆದರೆ ಕನ್ನಡವನ್ನಾಡುವ ಕ್ರೈಸ್ತರು ತಮ್ಮತಮ್ಮೊಳಗೆ ಯಾವ ಪ್ರಶ್ನೆಗಳಿಗಾಗಿ ಭಿನ್ನಾಭಿಪ್ರಾಯ ತಾಳಿದರು, ಆ ಭಿನ್ನಾಭಿಪ್ರಾಯ ಕನ್ನಡ ನುಡಿಯಲ್ಲಿ ಯಾವ ರೂಪ ಪಡೆಯಿತು ಎಂಬುದು ನಮ್ಮ ವಿಭಾಗಗಳ ಸಂಶೋಧನೆಯ ಪರಿಧಿಯೊಳಗೆ ಬಂದಿಲ್ಲವೆಂದೇ ಹೇಳಬೇಕು. ಸಬ್ಬತ್ ದಿನವನ್ನು ಶನಿವಾರ ಆಚರಿಸಬೇಕೋ ಭಾನುವಾರ ಆಚರಿಸಬೇಕೋ ಎಂಬ ವಾದವು ಅಂಥ ಪ್ರಶ್ನೆಗಳಲ್ಲಿ ಮುಖ್ಯವಾದದ್ದು. ಇದನ್ನು ‘ಹೊರಗಿನಿಂದ ಬಂದ ಜಗಳ’ ಎಂದು ಬದಿಗಿರಿಸುವುದು ಸುಲಭ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ವಾರ, ತಿಥಿ, ಶಾಸನ, ಬೇಸಾಯಗಳ ಹಿನ್ನೆಲೆಯಲ್ಲಿ ನೋಡಿದಾಗ ಈ ವಾದವು ಕನ್ನಡದ ಕಾಲಪ್ರಜ್ಞೆಗೆ ಅಷ್ಟೇನೂ ಅಪರಿಚಿತವಲ್ಲವೆಂಬುದು ವಿದಿತವಾಗುತ್ತದೆ.

1. ವಾದದ ಸ್ವರೂಪ

ವಾದದ ಮೂಲ ದಶಾಜ್ಞೆಗಳಲ್ಲಿದೆ. ಆರು ದಿನ ದುಡಿದು ಏಳನೆಯ ದಿನವನ್ನು ಪರಿಶುದ್ಧವೆಂದು ಬಿಡಬೇಕೆಂಬ ವಿಧಿಯು ಹಳೆಯ ಒಡಂಬಡಿಕೆಯಲ್ಲಿ ಎರಡು ಕಡೆ ಬರುತ್ತದೆ. ವಿಮೋಚನಕಾಂಡದ 20ನೆಯ ಅಧ್ಯಾಯವು ಅದಕ್ಕೆ ಸೃಷ್ಟಿಯನ್ನು ಕಾರಣವಾಗಿ ಕೊಟ್ಟರೆ, ಧರ್ಮೋಪದೇಶಕಾಂಡದ 5ನೆಯ ಅಧ್ಯಾಯವು ಐಗುಪ್ತದ ದಾಸ್ಯದಿಂದಾದ ಬಿಡುಗಡೆಯನ್ನು ಕಾರಣವಾಗಿ ಕೊಡುತ್ತದೆ. ಈ ಎರಡು ಕಾರಣಗಳಲ್ಲಿಯೇ ಮುಂದಿನ ಭಿನ್ನಮತದ ಬೀಜವಿದೆ. ಸಬ್ಬತ್ತಿನ ಆಧಾರ ಸೃಷ್ಟಿಯಾದರೆ ಅದು ಮನುಷ್ಯಕುಲಕ್ಕೆಲ್ಲ ಅನ್ವಯಿಸುತ್ತದೆ. ಬಿಡುಗಡೆಯೇ ಆಧಾರವಾದರೆ ಅದು ಇಸ್ರಾಯೇಲ್ ಜನಾಂಗದ ಒಡಂಬಡಿಕೆಯ ಗುರುತಾಗುತ್ತದೆ. ಶನಿವಾರದ ಆಚರಣೆಯನ್ನು ಎತ್ತಿಹಿಡಿಯುವವರು ಮೊದಲನೆಯದನ್ನು ಮುಂದಿಡುತ್ತಾರೆ. ಕ್ರಿಸ್ತನ ನಂತರ ಆ ವಿಧಿಯ ಅಕ್ಷರಾರ್ಥದ ಬಂಧನ ತೀರಿತೆನ್ನುವವರು ಎರಡನೆಯದನ್ನೂ, ಅದರೊಡನೆ ದಿನಗಳ ವಿಷಯದಲ್ಲಿ ಯಾರೂ ಯಾರನ್ನೂ ತೀರ್ಪುಮಾಡಬಾರದೆನ್ನುವ ಪೌಲನ ಪತ್ರಿಕೆಗಳನ್ನೂ ಆಶ್ರಯಿಸುತ್ತಾರೆ.

ಆಜ್ಞೆಯ ಎಣಿಕೆಯಲ್ಲಿಯೂ ಒಮ್ಮತವಿಲ್ಲ. ಕಥೋಲಿಕರ ಮತ್ತು ಲೂಥರನ್ನರ ಧರ್ಮೋಪದೇಶದಲ್ಲಿ ಇದು ಮೂರನೆಯ ಆಜ್ಞೆ. ವೆಸ್ಲಿಯನ್ನರೂ ಸೇರಿದಂತೆ ಇತರ ಬಹುಪಾಲು ಪ್ರಾಟೆಸ್ಟಂಟರಲ್ಲಿ ನಾಲ್ಕನೆಯದು. ಆದುದರಿಂದ ‘ನಾಲ್ಕನೆಯ ಆಜ್ಞೆ’ ಎಂದು ಕನ್ನಡ ಕರಪತ್ರವೊಂದು ಬರೆದರೆ, ಅದರ ಪರಂಪರೆ ಯಾವುದಲ್ಲವೆಂಬುದನ್ನು ಆ ಒಂದು ಸಂಖ್ಯೆಯೇ ಹೇಳುತ್ತದೆ. ಗ್ರಂಥಸಂಪಾದಕನಿಗೆ ಇದು ಚಿಕ್ಕ ಸಂಗತಿಯಲ್ಲ.

2. ಇತಿಹಾಸದ ಎರಡು ಸುಲಭ ಹೇಳಿಕೆಗಳು

ಜನಪ್ರಿಯ ಚರ್ಚೆಯಲ್ಲಿ ಎರಡು ಹೇಳಿಕೆಗಳು ಮತ್ತೆಮತ್ತೆ ಕೇಳಿಬರುತ್ತವೆ. ಶನಿವಾರದ ಪಕ್ಷದವರ ಬಾಯಲ್ಲಿ ಬರುವ ಮೊದಲನೆಯದು, ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನನೇ ದಿನವನ್ನು ಬದಲಿಸಿದನೆಂಬುದು. ಕ್ರಿ.ಶ. 321ರಲ್ಲಿ ಆತ ಸೂರ್ಯನ ದಿನದಂದು ನ್ಯಾಯಾಲಯಗಳೂ ಪಟ್ಟಣದ ಕಸುಬುಗಳೂ ನಿಲ್ಲಬೇಕೆಂದು ಶಾಸನ ಹೊರಡಿಸಿದ್ದು ನಿಜ. ಆದರೆ ಅದಕ್ಕೆ ಸುಮಾರು 170 ವರ್ಷ ಮೊದಲೇ ರೋಮಿನಲ್ಲಿದ್ದ ಜಸ್ಟಿನ್ ಎಂಬ ಲೇಖಕ ಕ್ರೈಸ್ತರು ಸೂರ್ಯನ ದಿನದಂದು ಕೂಡಿ ಓದು, ಬೋಧೆ, ಪ್ರಾರ್ಥನೆ, ರೊಟ್ಟಿ ಹಂಚಿಕೆಗಳನ್ನು ನಡೆಸುತ್ತಿದ್ದುದನ್ನು ವಿವರಿಸಿದ್ದಾನೆ. ಚಕ್ರವರ್ತಿಯು ಇದ್ದ ರೂಢಿಗೆ ರಾಜ್ಯದ ಬಲ ಕೊಟ್ಟನೇ ಹೊರತು ರೂಢಿಯನ್ನು ಹುಟ್ಟಿಸಲಿಲ್ಲ. ಆ ಶಾಸನವು ಬೇಸಾಯಗಾರರಿಗೆ ವಿನಾಯಿತಿ ಕೊಟ್ಟಿತ್ತೆಂಬುದೂ ಗಮನಾರ್ಹ. ಬಿತ್ತನೆಗೂ ದ್ರಾಕ್ಷಿ ನೆಡುವುದಕ್ಕೂ ಹದ ಕಾಯುವುದಿಲ್ಲವೆಂಬ ರೈತನ ವಿವೇಕ ಅದರಲ್ಲಿ ಒಡಮೂಡಿದೆ.

ಇದಕ್ಕೆ ಪ್ರತಿಯಾಗಿ ಭಾನುವಾರದ ಪಕ್ಷದಿಂದ ಬರುವ ಎರಡನೆಯ ಹೇಳಿಕೆ, ಸಬ್ಬತ್ತಿನ ಬಿಡುವು ಕ್ರಿಸ್ತನ ಪುನರುತ್ಥಾನದಿಂದ ಕೂಡಲೇ ಭಾನುವಾರಕ್ಕೆ ವರ್ಗವಾಯಿತೆಂಬುದು. ವಾರದ ಮೊದಲನೆಯ ದಿನ ಶಿಷ್ಯರು ಕೂಡಿದ್ದು ಹೊಸ ಒಡಂಬಡಿಕೆಯಲ್ಲಿ ಕಾಣುತ್ತದೆ. ಆ ದಿನವೇ ಇನ್ನು ಮುಂದೆ ಸಬ್ಬತ್ ಎಂಬ ಆಜ್ಞೆ ಕಾಣುವುದಿಲ್ಲ. ಮೊದಲ ಶತಮಾನಗಳಲ್ಲಿ ಭಾನುವಾರವು ಕೂಟದ ದಿನವಾಗಿತ್ತು. ಅದು ದುಡಿಮೆ ಬಿಡುವ ದಿನವಾಗಿ ಬೆಳೆದದ್ದು ಕ್ರಮೇಣ. ನಾಲ್ಕನೆಯ ಶತಮಾನದ ಲವೊದಿಕೀಯ ಸಭೆಯು ಶನಿವಾರ ಕೆಲಸ ಬಿಟ್ಟು ಕೂರುವ ಕ್ರೈಸ್ತರನ್ನು ಆಕ್ಷೇಪಿಸಿ ವಿಧಿ ಮಾಡಬೇಕಾಯಿತೆಂದರೆ, ಹಾಗೆ ಕೂರುವವರು ಆಗಲೂ ಇದ್ದರೆಂದೇ ಅರ್ಥ. ಇಥಿಯೋಪಿಯದ ಸಭೆಯಂತೂ ಎರಡು ದಿನಗಳನ್ನೂ ಉಳಿಸಿಕೊಂಡಿತು. ಅಲ್ಲಿ ಶನಿವಾರದ ಪರ ನಿಂತ ಸನ್ಯಾಸಿಗಳಿಗೂ ಉಳಿದವರಿಗೂ ನಡೆದ ದೀರ್ಘ ವಿವಾದವು 1450ರಲ್ಲಿ ಅರಸ ಜರ ಯಾಕೋಬನ ಕಾಲದ ಸಭೆಯಲ್ಲಿ ಎರಡೂ ದಿನಗಳಿಗೆ ಮಾನ್ಯತೆ ಸಿಕ್ಕು ಮುಗಿಯಿತು.

ಹೀಗಾಗಿ ಇತಿಹಾಸವು ಎರಡೂ ಪಕ್ಷಗಳ ಸುಲಭ ಹೇಳಿಕೆಗಳನ್ನು ಒಪ್ಪುವುದಿಲ್ಲ. ಏಳನೆಯ ದಿನ ಯಾವುದೆಂಬ ಎಣಿಕೆಯಲ್ಲಿ ಶನಿವಾರದವರು ಸರಿ. ಭಾನುವಾರದ ಕೂಟದ ಪ್ರಾಚೀನತೆಯ ವಿಷಯದಲ್ಲಿ ಭಾನುವಾರದವರು ಸರಿ. ಉಳಿಯುವುದು ಅಧಿಕಾರದ ಪ್ರಶ್ನೆ. ವಿಧಿಯೊಂದನ್ನು ಬದಲಿಸುವ ಅಥವಾ ಪೂರ್ಣಗೊಳಿಸುವ ಅಧಿಕಾರ ಸಭೆಯ ಪರಂಪರೆಗಿದೆಯೋ, ಗ್ರಂಥವೊಂದೇ ಪ್ರಮಾಣವೋ? ಕಥೋಲಿಕರಿಗೆ ಇದು ದೊಡ್ಡ ತೊಡಕಲ್ಲ, ಏಕೆಂದರೆ ಪರಂಪರೆಯೂ ಅವರಿಗೆ ಪ್ರಮಾಣ. 1998ರಲ್ಲಿ ಎರಡನೆಯ ಜಾನ್ ಪಾಲ್ ಭಾನುವಾರದ ಕುರಿತೇ ಒಂದು ಪ್ರೇಷಿತ ಪತ್ರ ಹೊರಡಿಸಿ ಅದನ್ನು ಸಬ್ಬತ್ತಿನ ಪೂರ್ಣತೆಯೆಂದು ವಿವರಿಸಿದರು. ನಿಜವಾದ ಇಕ್ಕಟ್ಟು ಗ್ರಂಥವೊಂದನ್ನೇ ಪ್ರಮಾಣವೆಂದುಕೊಂಡು ಭಾನುವಾರವನ್ನು ಕಟ್ಟುನಿಟ್ಟಾಗಿ ಆಚರಿಸಿದ ಪ್ರಾಟೆಸ್ಟಂಟರದು. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಏಳನೆಯ ದಿನದ ಬ್ಯಾಪ್ಟಿಸ್ಟರು ಹುಟ್ಟಿಕೊಂಡದ್ದೂ, ಅಮೆರಿಕದಲ್ಲಿ 1863ರಲ್ಲಿ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆ ಸಂಘಟಿತವಾದದ್ದೂ ಈ ಇಕ್ಕಟ್ಟಿನ ಒಳಗಿನಿಂದಲೇ.

3. ದಕ್ಷಿಣದ ನೆಲದಲ್ಲಿ

ಈ ವಾದ ಭಾರತಕ್ಕೆ ಅಡ್ವೆಂಟಿಸ್ಟರ ಮೂಲಕವೇ ಬಂದಿತೆಂಬ ತಿಳಿವಳಿಕೆಯೂ ತಿದ್ದುಪಡಿಯಾಗಬೇಕಾಗಿದೆ. ಅವರ ಪುಸ್ತಕ ಮಾರಾಟಗಾರರು ಮದ್ರಾಸಿಗೆ ಬಂದದ್ದು 1893ರಲ್ಲಿ. ಅದಕ್ಕೂ ಮುಂಚೆಯೇ, 1857ರಲ್ಲಿ, ತಿರುನೆಲ್ವೇಲಿ ಜಿಲ್ಲೆಯ ಪ್ರಕಾಶಪುರಂನಲ್ಲಿ ಅರುಮೈನಾಯಗಂ ಅಥವಾ ಸಟ್ಟಂಪಿಳ್ಳೈ ಎಂಬ ವಿದ್ವಾಂಸರು ಆಂಗ್ಲಿಕನ್ ಮಿಶನ್ನಿನಿಂದ ಸಿಡಿದು ‘ಹಿಂದೂ ಕ್ರೈಸ್ತ ಸಭೆ’ಯನ್ನು ಕಟ್ಟಿದರು. ಆ ಸಭೆಯು ಶನಿವಾರವನ್ನೇ ಸಬ್ಬತ್ತಾಗಿ ಆಚರಿಸಿತು. ಬಿಳಿಯ ಪಾದ್ರಿಗಳ ಅಧಿಕಾರವನ್ನು ಪ್ರಶ್ನಿಸಲು ಬೈಬಲ್ಲನ್ನೇ ಆಧಾರವಾಗಿ ಹಿಡಿದ ದೇಶೀಯ ಪ್ರಯತ್ನವದು. ಅಡ್ವೆಂಟಿಸ್ಟ್ ಮಿಶನರಿಗಳು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಅಲ್ಲಿಗೆ ಹೋದಾಗ, ತಮಗಿಂತ ಮೊದಲೇ ಶನಿವಾರ ಆಚರಿಸುತ್ತಿದ್ದ ಜನರನ್ನು ಕಂಡರು. ಪರದೇಶದ ಮತಪ್ರಚಾರಕನಿಂದ ಮಾತ್ರ ದೇಶೀಯರಲ್ಲಿ ಮತಭೇದ ಹುಟ್ಟುತ್ತದೆಂಬ ಊಹೆಗೆ ಇದಕ್ಕಿಂತ ಉತ್ತಮ ಪ್ರತ್ಯುತ್ತರ ಬೇಕಿಲ್ಲ.

ಕನ್ನಡ ನಾಡಿನಲ್ಲಿ ಅಡ್ವೆಂಟಿಸ್ಟರ ನೆಲೆ ಬೆಂಗಳೂರು. 1915ರಲ್ಲಿ ಕೊಯಮತ್ತೂರಿನಲ್ಲಿ ಆರಂಭವಾದ ಅವರ ತರಬೇತಿ ಶಾಲೆಯು ಬೆಂಗಳೂರಿಗೆ ಬಂದು ನೆಲೆಸಿ, 1942ರಲ್ಲಿ ಪುಣೆಗೆ ಸ್ಥಳಾಂತರಗೊಂಡಿತು. ಬೆಂಗಳೂರಿನ ಹಳೆಯ ಮದ್ರಾಸು ರಸ್ತೆಯ ಲೌರಿ ಸಂಸ್ಥೆಗಳು ಆ ಪರಂಪರೆಗೆ ಸೇರಿದವು.

ಹಾಸನ ಸೀಮೆಯ ಕ್ರೈಸ್ತ ಚರಿತ್ರೆಯಾದರೋ ಮುಖ್ಯವಾಗಿ ಭಾನುವಾರದ ಚರಿತ್ರೆ. ಹೇಮಾವತಿಯ ದಡದ ಶೆಟ್ಟಿಹಳ್ಳಿಯಲ್ಲಿ 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಜಪಮಾಲೆಯ ದೇವಾಲಯವು, ಗೊರೂರಿನ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ಏಳುವ ಭಗ್ನಾವಶೇಷವಾಗಿ ಇಂದು ಪ್ರವಾಸಿಗರಿಗೆ ಪರಿಚಿತ. ಹಾಸನ ಜಿಲ್ಲೆಯ ಕಥೋಲಿಕರು 1963ರಲ್ಲಿ ಸ್ಥಾಪಿತವಾದ ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ ಸೇರುತ್ತಾರೆ. ವೆಸ್ಲಿಯನ್ ಪರಂಪರೆಯವರು 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ಒಂದಾದರು. ಇಂಥ ಸೀಮೆಯಲ್ಲಿ ಶನಿವಾರವನ್ನು ಆಚರಿಸುವ ಕುಟುಂಬವು ಅಲ್ಪಸಂಖ್ಯಾತರೊಳಗಿನ ಅಲ್ಪಸಂಖ್ಯಾತ ಕುಟುಂಬ. ಊರಿಗೆ ಅವರೂ ಕ್ರೈಸ್ತರೇ. ಇತರ ಕ್ರೈಸ್ತರಿಗೆ ಮಾತ್ರ ಅವರು ಬೇರೆಯವರು.

4. ವಾರದ ಎಣಿಕೆ ಮತ್ತು ಶಾಸನಗಳ ಸಾಕ್ಷ್ಯ

‘ಇಷ್ಟು ಸಾವಿರ ವರ್ಷಗಳಲ್ಲಿ ದಿನದ ಎಣಿಕೆ ತಪ್ಪಿರಬಾರದೇಕೆ? ಇಂದಿನ ಶನಿವಾರವೇ ಅಂದಿನ ಏಳನೆಯ ದಿನವೆಂಬುದಕ್ಕೆ ಪ್ರಮಾಣವೇನು?’ ಎಂಬ ಆಕ್ಷೇಪಣೆಯೊಂದಿದೆ. ಇದಕ್ಕೆ ಉತ್ತರ ಹೇಳಲು ಕನ್ನಡ ವಿದ್ವಾಂಸನಿಗೆ ಜೆರುಸಲೇಮಿನವರೆಗೂ ಹೋಗಬೇಕಾದ ಅಗತ್ಯವಿಲ್ಲ. ಬಿ. ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಐದನೆಯ ಸಂಪುಟ ಹಾಸನ ಜಿಲ್ಲೆಯದು. ಅದರಲ್ಲಿ ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ತಾಲ್ಲೂಕುಗಳ ಶಾಸನಗಳೂ ಸೇರಿವೆ. ಹೊಯ್ಸಳರ ಕಾಲದ ದಾನಶಾಸನಗಳು ಶಕವರ್ಷ, ಸಂವತ್ಸರ, ಮಾಸ, ತಿಥಿಗಳೊಡನೆ ವಾರವನ್ನೂ ಹೇಳುವುದು ಸಾಮಾನ್ಯ. ತಿಥಿ ಮತ್ತು ವಾರ ಎರಡೂ ಇದ್ದಲ್ಲಿ ಗಣಿತದಿಂದ ತಾಳೆ ನೋಡಲು ಸಾಧ್ಯ. ಬರೆಹಗಾರನ ತಪ್ಪುಗಳನ್ನು ಬಿಟ್ಟರೆ, ಹಾಗೆ ತಾಳೆಯಾಗುವ ಶಾಸನಗಳ ವಾರವು ಇಂದಿನ ವಾರಚಕ್ರದೊಡನೆ ಅವಿಚ್ಛಿನ್ನವಾಗಿ ಕೂಡಿಕೊಳ್ಳುತ್ತದೆ. ಕನ್ನಡ ಶಾಸನಗಳಲ್ಲಿ ಬರುವ ‘ವಡ್ಡವಾರ’ ಎಂಬ ಶಬ್ದ ಯಾವ ವಾರವೆಂಬ ಸಮಸ್ಯೆ ಎದ್ದಾಗ, ಜೆ. ಎಫ್. ಫ್ಲೀಟ್ ಅವರು ಅದನ್ನು ಶನಿವಾರವೆಂದು ಗುರುತಿಸಿದ್ದಕ್ಕೆ ಈ ತಾಳೆಯೇ ಆಧಾರ. ಭಾರತದಲ್ಲಿ ವಾರದ ಉಲ್ಲೇಖವಿರುವ ಅತಿ ಹಳೆಯ ಶಾಸನವೆಂದು ಪ್ರಸಿದ್ಧವಾದ ಬುಧಗುಪ್ತನ ಏರಣ್ ಶಾಸನ ಕ್ರಿ.ಶ. 484ರದು. ಯುರೋಪಿನಲ್ಲಿ 1582ರ ಪಂಚಾಂಗ ಸುಧಾರಣೆಯು ಹತ್ತು ತಾರೀಖುಗಳನ್ನು ಬಿಟ್ಟಿತಾದರೂ ಗುರುವಾರದ ಮರುದಿನ ಶುಕ್ರವಾರವೇ ಬಂದಿತು. ಯೆಹೂದ್ಯರು, ರೋಮನರು, ಭಾರತೀಯರು ಮೂವರೂ ಒಂದೇ ದಿನವನ್ನು ಶನಿಯ ದಿನವಾಗಿ ಅಥವಾ ಏಳನೆಯ ದಿನವಾಗಿ ಎಣಿಸಿದ್ದಾರೆ. ಎಣಿಕೆ ತಪ್ಪಿತೆಂಬ ವಾದಕ್ಕೆ ಇಲ್ಲಿ ಆಸ್ಪದವಿಲ್ಲ.

ಆದರೆ ದಿನದ ಆರಂಭದ ಪ್ರಶ್ನೆ ಬೇರೆ. ಪಂಚಾಂಗದ ವಾರ ಸೂರ್ಯೋದಯಕ್ಕೆ ಆರಂಭವಾಗುತ್ತದೆ. ಕಛೇರಿಯ ದಿನ ಮಧ್ಯರಾತ್ರಿಗೆ. ಸಬ್ಬತ್ ಮಾತ್ರ ಸೂರ್ಯಾಸ್ತದಿಂದ ಸೂರ್ಯಾಸ್ತಕ್ಕೆ. ಹೀಗಾಗಿ ಸಬ್ಬತ್ತನ್ನು ಶಾಸ್ತ್ರೋಕ್ತವಾಗಿ ಆಚರಿಸುವ ಕನ್ನಡ ಮನೆಯಲ್ಲಿ ಅದು ‘ಶುಕ್ರವಾರ ಸಂಜೆ’ಯೇ ಬಂದಿಳಿಯುತ್ತದೆ, ನೆರೆಮನೆಯಲ್ಲಿ ಲಕ್ಷ್ಮಿಗೆ ದೀಪ ಹಚ್ಚುವ ಹೊತ್ತಿಗೆ ಇವರ ಶನಿವಾರ ಶುರುವಾಗಿರುತ್ತದೆ. ‘ಶನಿವಾರವನ್ನು ಆಚರಿಸುವವರು’ ಎಂಬ ವಾಡಿಕೆಯ ಮಾತೇ ಪೂರ್ತಿ ನಿಖರವಲ್ಲ.

5. ಶಬ್ದಗಳ ಪಕ್ಷಪಾತ

ಜಾನ್ ಹ್ಯಾಂಡ್ಸ್ ಮತ್ತು ವಿಲಿಯಂ ರೀವ್ ಅವರ ಬಳ್ಳಾರಿಯ ಅನುವಾದದಿಂದ ಮೊದಲಾಗಿ ಕನ್ನಡ ಬೈಬಲ್ ಹಲವು ಪರಿಷ್ಕರಣೆಗಳನ್ನು ಕಂಡಿದೆ. ಇಂದು ಬಳಕೆಯಲ್ಲಿರುವ ಅನುವಾದಗಳು ‘ಸಬ್ಬತ್’ ಎಂಬ ಎರವಲು ಪದವನ್ನು ಉಳಿಸಿಕೊಂಡಿವೆ. ಹೀಬ್ರೂವಿನಲ್ಲಿ ಅದು ‘ನಿಲ್ಲಿಸು, ಬಿಡು’ ಎಂಬರ್ಥದ ಧಾತುವಿನೊಡನೆ ಸಂಬಂಧವುಳ್ಳ ಶಬ್ದ. ಕನ್ನಡದಲ್ಲಿ ಅದಕ್ಕೆ ಅಂಥ ಒಳಧ್ವನಿ ಇಲ್ಲ. ಒಳಧ್ವನಿ ಇಲ್ಲದ ಶಬ್ದದಲ್ಲಿ ಯಾವ ದಿನವನ್ನು ಬೇಕಾದರೂ ತುಂಬಬಹುದು. ಅದನ್ನು ‘ವಿಶ್ರಾಂತಿಯ ದಿನ’ವೆಂದು ಬಿಡಿಸಿ ಹೇಳಿದರಂತೂ, ರಜೆಯ ದಿನವಾದ ಭಾನುವಾರ ತಾನಾಗಿಯೇ ಬಂದು ಕೂರುತ್ತದೆ. ಪ್ರಕಟನೆಯ ಗ್ರಂಥದಲ್ಲಿ ಒಮ್ಮೆ ಮಾತ್ರ ಬರುವ ‘ಕರ್ತನ ದಿನ’ ಎಂಬ ಪ್ರಯೋಗ ಯಾವ ವಾರವನ್ನೂ ಹೆಸರಿಸುವುದಿಲ್ಲ. ಅದನ್ನು ಭಾನುವಾರಕ್ಕೆ ಪರ್ಯಾಯವಾಗಿ ರೂಢಿಸಿದ್ದು ಸಭೆಯ ಬಳಕೆ. ಪುಲ್ಪಿಟ್ಟಿನಿಂದ ‘ಇಂದಿನ ಕರ್ತನ ದಿನದಲ್ಲಿ’ ಎಂದು ಮಾತು ಆರಂಭವಾಗುವಾಗ ವಾದವು ಆರಂಭಕ್ಕೂ ಮುನ್ನವೇ ತೀರ್ಮಾನವಾಗಿರುತ್ತದೆ. ಇದು ಯಾರ ಕುತಂತ್ರವೂ ಅಲ್ಲ; ರೂಢಿಯ ಸಹಜ ಕೆಲಸ. ಆದರೆ ಅನುವಾದ ಅಧ್ಯಯನ ಗಮನಿಸಬೇಕಾದದ್ದು ಇಂಥ ಸಹಜ ಕೆಲಸವನ್ನೇ.

‘ವಾರ’ ಎಂಬ ಶಬ್ದದ ಅರ್ಥವ್ಯಾಪ್ತಿಯೂ ಇಲ್ಲಿ ಪ್ರಸ್ತುತ. ಅದು ಏಳು ದಿನಗಳ ಗುಂಪೂ ಹೌದು, ಆ ಗುಂಪಿನ ಒಂದು ದಿನವೂ ಹೌದು, ಮನೆದೇವರಿಗೆ ಮೀಸಲಾದ ದಿನವೂ ಹೌದು. ತಿಮ್ಮಪ್ಪನ ಒಕ್ಕಲಿನವರಿಗೆ ಶನಿವಾರ ‘ವಾರ’, ಅಂದು ಒಪ್ಪತ್ತು. ಹೀಗಾಗಿ ‘ನಮಗೆ ಶನಿವಾರ ವಾರ’ ಎಂದು ಕ್ರೈಸ್ತನೊಬ್ಬ ಹೇಳಿದರೆ ಹಳ್ಳಿಗನಿಗೆ ಅದು ಸಲೀಸಾಗಿ ಅರ್ಥವಾಗುತ್ತದೆ. ಆದರೆ ಅರ್ಥವಾದದ್ದು ಹೇಳಿದ್ದೇ ಅಲ್ಲ. ಒಪ್ಪತ್ತಿನ ವಾರವು ಹರಕೆಯ, ಕುಲಾಚಾರದ ದಿನ. ಅವರವರ ಮನೆಗೆ ಅವರವರ ವಾರ. ಸಬ್ಬತ್ತು ಸರ್ವರಿಗೂ ವಿಧಿಸಿದ್ದೆಂಬುದು ಶನಿವಾರದ ಕ್ರೈಸ್ತರ ನಂಬಿಕೆ. ಅಲ್ಲದೆ ಸಬ್ಬತ್ತು ಉಪವಾಸದ ದಿನವಲ್ಲ, ಸಂತೋಷದ ದಿನ.

6. ಸ್ಥಳೀಯ ಹೋಲಿಕೆಗಳು ಮತ್ತು ಅವುಗಳ ಮಿತಿ

ಹಳೆಯ ಮೈಸೂರು ಸೀಮೆಯ ರೈತರಲ್ಲಿ ಸೋಮವಾರ ಎತ್ತಿಗೆ ನೊಗ ಹೂಡಬಾರದೆಂಬ ಕಟ್ಟು ಬಹುಕಾಲದಿಂದ ಬಂದಿದೆ. ಶಿವನ ವಾರ, ಬಸವನಿಗೆ ಬಿಡುವು. ಧರ್ಮೋಪದೇಶಕಾಂಡದ ಸಬ್ಬತ್ ವಿಧಿಯು ಎತ್ತು ಕತ್ತೆಗಳನ್ನೂ ದಾಸದಾಸಿಯರನ್ನೂ ಹೆಸರಿಸಿ ಬಿಡುವು ಕೊಡುತ್ತದೆ. ಬಿಡುವಿನ ಹಕ್ಕು ದುಡಿಸಿಕೊಳ್ಳುವವನಿಗಿಂತ ಮೊದಲು ದುಡಿಯುವ ಜೀವಕ್ಕೆ ಸಲ್ಲಬೇಕೆಂಬ ಅರಿವು ಎರಡರಲ್ಲಿಯೂ ಇದೆ. ಕ್ರೈಸ್ತರ ವಾದವು ‘ಯಾವ ದಿನ’ ಎಂಬಲ್ಲಿಯೇ ನಿಂತಾಗ ಮರೆತುಹೋಗುವುದು ಈ ‘ಯಾರಿಗೆ’ ಎಂಬ ಪ್ರಶ್ನೆ.

ಒಂದೇ ವ್ರತವನ್ನು ಎರಡು ದಿನ ಆಚರಿಸುವ ಭಿನ್ನಮತವೂ ಕನ್ನಡ ನಾಡಿಗೆ ಹೊಸದಲ್ಲ. ದಶಮೀವೇಧವಿರುವ ಏಕಾದಶಿಯ ವಿಷಯದಲ್ಲಿ ಸ್ಮಾರ್ತರಿಗೂ ವೈಷ್ಣವರಿಗೂ ದಿನಭೇದ ಬರುವುದು ಪ್ರತಿ ವರ್ಷದ ಪಂಚಾಂಗದಲ್ಲಿ ಕಾಣುವ ಸಂಗತಿ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಜೈನ ಪರಂಪರೆಯಲ್ಲಿ ಅಷ್ಟಮಿ ಚತುರ್ದಶಿಗಳು ಪರ್ವದಿನಗಳು. ಅಲ್ಲಿ ಪವಿತ್ರತೆ ತಿಥಿಯನ್ನು ಹಿಡಿದದ್ದು, ವಾರವನ್ನಲ್ಲ. ಆದರೆ ಏಕಾದಶಿಯ ಭೇದ ಗಣಿತದ ಗಡಿಯಲ್ಲಿ ಹುಟ್ಟುತ್ತದೆ, ಸಬ್ಬತ್ತಿನ ಭೇದ ಪ್ರಮಾಣದ ಪ್ರಶ್ನೆಯಲ್ಲಿ. ಈ ಎರಡನೆಯದಕ್ಕೆ ಸಮೀಪದ ಹೋಲಿಕೆ ಹೊಳೆನರಸೀಪುರದಲ್ಲಿದೆ. ಅಲ್ಲಿ ನೆಲೆಸಿ ಅಧ್ಯಾತ್ಮಪ್ರಕಾಶ ಕಾರ್ಯಾಲಯವನ್ನು ನಡೆಸಿದ ಶ್ರೀ ಸಚ್ಚಿದಾನಂದೇಂದ್ರ ಸರಸ್ವತಿಗಳು, ಮೂಲಾವಿದ್ಯೆಯೆಂಬುದು ಶಂಕರಭಾಷ್ಯದಲ್ಲಿಲ್ಲ, ನಂತರದ ವ್ಯಾಖ್ಯಾನಕಾರರು ತಂದದ್ದು ಎಂದು 1929ರ ‘ಮೂಲಾವಿದ್ಯಾನಿರಾಸ’ದಲ್ಲಿಯೂ ಮುಂದೆಯೂ ವಾದಿಸಿದರು. ಸಂಪ್ರದಾಯದ ವಿದ್ವಾಂಸರು, ವ್ಯಾಖ್ಯಾನಪರಂಪರೆಯನ್ನು ಬಿಟ್ಟು ಮೂಲವನ್ನು ಓದುವುದಾದರೂ ಹೇಗೆ ಎಂದು ಕೇಳಿದರು. ವಸ್ತು ಬೇರೆ, ಮತ ಬೇರೆ. ಆದರೆ ‘ಮೂಲದಲ್ಲಿ ಎಲ್ಲಿದೆ?’ ಎಂಬ ಪ್ರಶ್ನೆಯೂ ‘ಪರಂಪರೆಯಿಲ್ಲದೆ ಮೂಲವೆಲ್ಲಿದೆ?’ ಎಂಬ ಮರುಪ್ರಶ್ನೆಯೂ ಅವೇ. ಆ ವಾದವನ್ನು ಗೌರವದಿಂದ ಓದುವ ವಿದ್ವಲ್ಲೋಕವು ಸಬ್ಬತ್ತಿನ ವಾದವನ್ನು ಹಗುರವಾಗಿ ಕಾಣುವುದಕ್ಕೆ ಕಾರಣವಿಲ್ಲ.

7. ರಜೆಯ ಕಾನೂನು, ಆಚರಣೆಯ ಬೆಲೆ

ಭಾರತದಲ್ಲಿ ಭಾನುವಾರದ ರಜೆಯು ಇಂದು ಕ್ರೈಸ್ತ ಆಚರಣೆಯಾಗಿ ಉಳಿದಿಲ್ಲ. ಮುಂಬಯಿಯ ಗಿರಣಿ ಕಾರ್ಮಿಕರು ನಾರಾಯಣ ಮೇಘಾಜಿ ಲೋಖಂಡೆ ಅವರ ಮುಂದಾಳುತನದಲ್ಲಿ ಹೋರಾಡಿ 1890ರಲ್ಲಿ ವಾರದ ರಜೆ ಪಡೆದರು. 1948ರ ಕಾರ್ಖಾನೆಗಳ ಅಧಿನಿಯಮದ 52ನೆಯ ಪ್ರಕರಣವು ‘ವಾರದ ಮೊದಲನೆಯ ದಿನ’ ಕೆಲಸ ಮಾಡಿಸಬಾರದೆಂದು ವಿಧಿಸಿತ್ತು. ಬದಲಿ ದಿನ ಕೊಡಲು ಅವಕಾಶವನ್ನೂ ಇಟ್ಟಿತ್ತು. ಕಾನೂನು ಕೂಡ ಭಾನುವಾರವನ್ನು ಏಳನೆಯ ದಿನವೆನ್ನದೆ ಮೊದಲನೆಯ ದಿನವೆಂದೇ ಎಣಿಸಿದ್ದು ಗಮನಾರ್ಹ. ಪರಿಣಾಮವಾಗಿ ಭಾನುವಾರದ ಕ್ರೈಸ್ತನ ಆಚರಣೆಗೆ ರಾಜ್ಯವೇ ಬಿಡುವು ಒದಗಿಸುತ್ತದೆ. ಶನಿವಾರದ ಕ್ರೈಸ್ತನು ಬೆಳಗಿನ ಶಾಲೆ, ಪರೀಕ್ಷೆ, ನೇಮಕಾತಿಯ ಸಂದರ್ಶನ, ಊರಿನ ಸಂತೆ ಇವುಗಳಲ್ಲಿ ಯಾವುದಾದರೂ ಅಂದು ಬಿದ್ದರೆ ತನ್ನ ನಂಬಿಕೆಗೆ ಬೆಲೆ ತೆರಬೇಕಾಗುತ್ತದೆ. ಮತ್ತೆ ಭಾನುವಾರ ಊರೆಲ್ಲ ಬಿಡುವಾಗಿರುವಾಗ ದುಡಿಯುವ ದಿನವೊಂದು ಆತನಿಗೆ ವ್ಯರ್ಥವಾಗುತ್ತದೆ. ಒಂದು ಆಚರಣೆ ಸುಲಭವಾಗಿದ್ದಾಗ ಅದರ ಅರ್ಥವನ್ನು ಕೇಳುವವರು ಕಡಮೆ. ಬೆಲೆ ತೆರುವವನು ಪ್ರತಿ ವಾರವೂ ಕಾರಣ ಹೇಳಬೇಕಾಗುತ್ತದೆ. ಈ ಕಾರಣ ಹೇಳುವ ಮಾತು ಕನ್ನಡದಲ್ಲಿಯೇ ನಡೆಯುತ್ತದೆ: ಮುಖ್ಯೋಪಾಧ್ಯಾಯರಿಗೆ ಬರೆದ ಅರ್ಜಿಯಲ್ಲಿ, ಬೀಗರ ಮನೆಯಲ್ಲಿ ಮದುವೆಯ ದಿನ ಗೊತ್ತುಮಾಡುವಾಗ, ಕರಪತ್ರದಲ್ಲಿ, ಪ್ರಾರ್ಥನೆಯಲ್ಲಿ. ಅದು ಸಂಗ್ರಹವಾಗದ ಗದ್ಯ.

ಹಾಗೆಂದು ಭಾನುವಾರದವರ ಆಚರಣೆ ಜಡವೆಂದು ತೀರ್ಮಾನಿಸುವುದೂ ತಪ್ಪು. ಹಿನ್ನೀರು ಊರನ್ನು ನುಂಗಿ ಜನ ಬೇರೆಡೆಗೆ ಚದುರಿದಾಗ, ಅವರನ್ನು ಮತ್ತೆ ವಾರಕ್ಕೊಮ್ಮೆ ಕೂಡಿಸಬಲ್ಲದ್ದು ಭಾನುವಾರದ ಪೂಜೆ. ಸಮುದಾಯವನ್ನು ಕಟ್ಟಿಹಿಡಿಯುವ ಈ ಶಕ್ತಿಯನ್ನು ಗ್ರಂಥಪ್ರಮಾಣದ ತಕ್ಕಡಿಯೊಂದರಿಂದಲೇ ತೂಗಲಾಗದು.

8. ಮುಂದಿನ ಕೆಲಸ

ಕನ್ನಡ ವಿಭಾಗಗಳು ಈ ವಾದದಲ್ಲಿ ತೀರ್ಪು ಕೊಡಬೇಕಾಗಿಲ್ಲ; ಅದು ಅವುಗಳ ಅಧಿಕಾರವೂ ಅಲ್ಲ. ಆದರೆ ವಾದವನ್ನು ದಾಖಲಿಸುವುದು ಅವುಗಳ ಕರ್ತವ್ಯ. ಕರಪತ್ರ, ಪಾಠಪುಸ್ತಕ, ಗೀತಸಂಪುಟ, ಧರ್ಮೋಪದೇಶದ ಪ್ರಶ್ನೋತ್ತರಗಳು ಗ್ರಂಥಾಲಯಗಳನ್ನು ಸೇರದೆ ಮನೆಗಳ ಟ್ರಂಕುಗಳಲ್ಲಿಯೇ ಉಳಿದು ಹಾಳಾಗುವ ಬಗೆಯವು. ನಾಲ್ಕು ತಾಲ್ಲೂಕುಗಳ ಮಟ್ಟಿಗಾದರೂ ಕಥೋಲಿಕ, ದಕ್ಷಿಣ ಭಾರತ ಸಭೆ, ಶನಿವಾರ ಆಚರಿಸುವ ಕುಟುಂಬ ಈ ಮೂರೂ ಕಡೆಗಳಿಂದ ಇವನ್ನು ಸಂಗ್ರಹಿಸಿ, ‘ಸಬ್ಬತ್’, ‘ಕರ್ತನ ದಿನ’, ‘ವಿಶ್ರಾಂತಿ’, ‘ವಾರ’, ‘ರಜೆ’ ಎಂಬ ಐದು ಶಬ್ದಗಳ ಬಳಕೆಯನ್ನು ಗುರುತಿಸಿದರೆ ಸಾಕು, ಒಂದು ಸಂಪ್ರಬಂಧಕ್ಕೆ ಬೇಕಾದ ಸಾಮಗ್ರಿ ದೊರೆಯುತ್ತದೆ. ಹೀಗೆ ಸಂಗ್ರಹಿಸುವಾಗ ಭಿನ್ನಮತೀಯರನ್ನು ಕುತೂಹಲದ ವಸ್ತುವಾಗಿಸದ ಎಚ್ಚರ ಅಗತ್ಯ. ಅವರನ್ನು ಮಿಶನ್ನಿನ ನೆರಳಾಗಿ ಕಾಣದೆ ಕನ್ನಡದಲ್ಲಿ ಶಾಸ್ತ್ರಾರ್ಥ ನಡೆಸುವವರೆಂದು ಕಾಣಬೇಕು.

ಶಾಸನದ ಒಂದು ವಡ್ಡವಾರವನ್ನು ನಿರ್ಣಯಿಸಲು ನಮ್ಮ ಹಿರಿಯ ವಿದ್ವಾಂಸರು ಪಟ್ಟ ಶ್ರಮ ಅಲ್ಪವಲ್ಲ. ಅದೇ ದಿನವನ್ನು ಇಂದಿಗೂ ಬಾಳುತ್ತಿರುವ ಜನರ ಮಾತನ್ನು ಬರೆದಿಟ್ಟುಕೊಳ್ಳುವ ಶ್ರಮ ಅದಕ್ಕಿಂತ ಹೆಚ್ಚಿನದಾಗಲಾರದು.